ಹೊತ್ತು ಮುಳುಗುವ ಮುಂಚೆ ತುಂಬಿದ ಹಲ್ಲು

ಮುಂಬಯಿ
೯ ಡಿಸೆಂಬರ್ ೧೯೯೦

ಅವ್ವನಿಗೆ ಸುಗಂಧಾಳ ನಮಸ್ಕಾರಗಳು.

ಕ್ಷೇಮ ಎಂದು ಬರೆಯುವುದು ರೂಢಿ, ಬರೆದಿದ್ದೇನೆ. ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ. ನಿನ್ನೆ ಧನಪಾಲ ಕಾಕಾ ಹಾಸ್ಟೆಲಿಗೆ ಟ್ರಂಕ್ ಕಾಲ್ ಮಾಡಿದ್ದರು. ಯಾರಿಗೆ ಏನಾಯಿತೋ ಎಂದು ಎದೆ ಹಿಡಿದುಕೊಂಡು ಓಡಿಬಂದರೆ ಕಾಕಾನ ಚಿಂತೆ ನಮ್ಮ ಮನೆಯ ಮುಂದಿನ ಖೋಲಿಯದು. "ಹೆಂಗೂ ನಿನ್ನ ದವಾಖಾನಿ ಬಂದ್ ಬಿದ್ದೈತಿ. ನಾ ಅಲ್ಲಿ ದ್ರಾಕ್ಷಿಗೆ ಹೊಡಿಯೂ ಔಷಧದ ಅಂಗಡಿ ಹಾಕ್ತೀನಿ. ಆ ಕುರ್ಚಿ ತಗೊಳ್ಳಾಕ ಮಿರಜದಾಂವ ಒಬ್ಬ ತಯಾರ ಅದಾನ," ಎಂದರು. "ಕುರ್ಚಿ ಮುಟ್ಟಬ್ಯಾಡ್ರಿ ಕಾಕಾ," ಎಂದು ಫೋನು ಇಟ್ಟೆ.

ನಿನಗೂ ಅದನ್ನೇ ಹೇಳುತ್ತೇನೆ. ನನ್ನ ದವಾಖಾನೆ ಬಂದ್ ಆಗಿಲ್ಲ, ಬೀಗ ಹಾಕಿದೆ. ಎರಡೂ ಒಂದೇ ಅಲ್ಲ. ಅಪ್ಪ ಸತ್ತ ಮೇಲೆ ಆ ಖೋಲಿಯನ್ನು ನನಗೆ ಕೊಟ್ಟವಳು ನೀನು, ಹೊಸ್ತಿಲಲ್ಲಿ ಕುಳಿತು ಬಂದವರ ಹೆಸರು ಕೂಗಿ ಒಳಗೆ ಕಳಿಸಿದವಳೂ ನೀನು. ಎರಡು ವರ್ಷ ನಡೆಸಿದೆ. ಹಲ್ಲಿನ ತೂತಿಗೆ ನಾನು ತುಂಬಿದ ಸಿಮೆಂಟ್ ಒಬ್ಬೊಬ್ಬರದಾಗಿ ಒಡೆದು, ರೊಟ್ಟಿಯ ತುಣುಕಿನ ಜೊತೆ ಬಾಯಿಂದ ಹೊರಗೆ ಬಂತು. ಊರು ನನ್ನ ಕೈ ಮೆದು ಎಂದಿತು. ಗಂಡಸಿನ ಕೈಯಲ್ಲಿ ಇದೇ ಸಿಮೆಂಟ್ ಒಡೆದಿದ್ದರೆ ಸಿಮೆಂಟ್ ಕೆಟ್ಟದ್ದು ಎನ್ನುತ್ತಿದ್ದರು. ನನ್ನ ವಿಷಯದಲ್ಲಿ ಆ ಅನುಮಾನ ಯಾರಿಗೂ ಬರಲಿಲ್ಲ.

ಅದಕ್ಕೇ ನನ್ನ ಎಂ.ಡಿ.ಎಸ್. ಪ್ರಬಂಧಕ್ಕೆ ಇದನ್ನೇ ಕೇಳಿ ತಗೊಂಡೆ. ನಾನು ಅಥಣಿಯಲ್ಲಿ ತುಂಬುತ್ತಿದ್ದ ಹಲ್ಲಿನ ಬಣ್ಣದ ಸಿಮೆಂಟ್ ಇದೆಯಲ್ಲ, ನೀಲಿ ಬೆಳಕು ಬಿಟ್ಟ ಕೂಡಲೇ ಗಟ್ಟಿಯಾಗುವಂಥದು, ಕಾಂಪೋಜಿಟ್, ಅದನ್ನು ಮೂರು ಕಂಪನಿಗಳಿಂದ ತರಿಸಿದ್ದೇವೆ. ಕಡಲೆಕಾಳಿನಷ್ಟು ಸಣ್ಣ ಕಂಬಗಳನ್ನು ಅಚ್ಚಿನಲ್ಲಿ ಮಾಡಿ, ಒಂದು ದಿನ ಬಿಸಿನೀರಿನಲ್ಲಿಟ್ಟು, ಆಮೇಲೆ ಇಂಜಿನಿಯರಿಂಗ್ ಕಾಲೇಜಿನ ಯಂತ್ರದಲ್ಲಿ ಒಡೆಯುವ ತನಕ ಒತ್ತುವುದು. ಯಾವುದು ಎಷ್ಟು ಭಾರಕ್ಕೆ ಒಡೆಯಿತು ಎಂದು ಮುಳ್ಳು ತೋರಿಸುತ್ತದೆ. ನನ್ನ ಸಿಮೆಂಟೇ ಹುಸಿಯಾಗಿದ್ದರೆ ಗೊತ್ತಾಗಲಿ. ನನ್ನ ಕೈಯೇ ಹುಸಿಯಾಗಿದ್ದರೆ ಅದೂ ಗೊತ್ತಾಗಲಿ. ಗೊತ್ತಾಗುವವರೆಗೆ ಕುರ್ಚಿ ಅಲ್ಲಿಂದ ಅಲುಗಬಾರದು.

ನಿನ್ನ
ಸುಗಂಧಾ


ಅಥಣಿ
೨೦ ಜನವರಿ ೧೯೯೧

ಚಿ. ಸುಗಂಧಾಳಿಗೆ ಅವ್ವನ ಆಶೀರ್ವಾದ.

ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು ನಾನು. ನಿನ್ನ ಕಾಗದದಲ್ಲಿ ಎಲ್ಲವೂ ತಿಳಿಯಿತು, ಸಿಟ್ಟಂತೂ ಪೂರಾ ತಿಳಿಯಿತು. ಕುರ್ಚಿ ಅಲುಗಿಲ್ಲ. ಹಳೆಯ ಚಾದರ ಹೊದಿಸಿದ್ದೇನೆ. ಧನಪಾಲ ಮಾತ್ರ ಮೈದುನನೆಂಬ ಸಲಿಗೆಯಿಂದ ನನ್ನನ್ನು ಕೇಳದೆ ನಾಲ್ಕು ಪೆಟ್ಟಿಗೆ ಔಷಧ ತಂದು ಖೋಲಿಯ ಮೂಲೆಗೆ ಇಟ್ಟ. ನಾನು ಸುಮ್ಮನಿರುವವಳೇ? "ಹುಳಾ ಇರ್ತಾವಂತ ಹೂಕೋಸು ತಿನ್ನಂಗಿಲ್ಲ ನೀ. ಈಗ ಹುಳಾ ಸಾಯೂ ಔಷಧ ಮಾರಾಕ ಹೊಂಟಿಯೇನಪಾ?" ಎಂದೆ. "ಧರ್ಮ ಬ್ಯಾರೆ, ಧಂದೆ ಬ್ಯಾರೆ ವೈನಿ," ಎಂದ. ಪೆಟ್ಟಿಗೆ ಅಲ್ಲೇ ಇವೆ. ವಾಸನೆಗೆ ತಲೆ ಸಿಡಿಯುತ್ತದೆ.

ಊರಿನ ಮಾತು ಬರೆಯಬೇಡ ಎಂದಿದ್ದೆ ನೀನು. ಬರೆಯದಿದ್ದರೆ ಹೊಟ್ಟೆ ಉಬ್ಬುತ್ತದೆ, ಬರೆಯುತ್ತೇನೆ. ಮೊನ್ನೆ ಬಸದಿಯ ಕಟ್ಟೆಯ ಮೇಲೆ ಅಕ್ಕುತಾಯಿ, ನಮ್ಮ ಎದುರುಮನೆಯವಳೇ, ಎಂಟು ಹತ್ತು ಮಂದಿ ಹೆಂಗಸರ ನಡುವೆ ಕುಳಿತು ಹೇಳುತ್ತಿದ್ದಳು. "ಸುಗಂಧಾನ ಕೈ ಮೆತ್ತಗ. ಅದೂ ನೋಡ್ರಿ, ನಮ್ಮವರಿಗೆ ಅಷ್ಟ ಮೆತ್ತಗ. ನನ್ನದು ಬಿತ್ತು, ನನ್ನ ಸೊಸೀದು ಬಿತ್ತು, ಬಸದಿ ಓಣ್ಯಾಗ ಯಾರದೂ ಉಳೀಲಿಲ್ಲ. ಹೊರಗಿನವರಿಗೆ ಗಟ್ಟಿ ತುಂಬಿ ಕಳಸ್ಯಾಳ. ಮನೀ ದೀಪ ಅಂತ ಮುದ್ದ ಕೊಟ್ರ ಗಡ್ಡಾ ಮೀಸಿ ಸುಟ್ಟಿತ್ತಂತ." ನಾನು ಅಲ್ಲೇ ಕಂಬದ ಹಿಂದೆ ಅಕ್ಷತೆಯ ಡಬ್ಬಿ ಹಿಡಿದು ನಿಂತಿದ್ದೆ.

ಸುಳ್ಳು ಎನ್ನಲೂ ಬರುವುದಿಲ್ಲ ನೋಡು. ಉಗಾರ ಫ್ಯಾಕ್ಟರಿಗೆ ಕಬ್ಬಿನ ಗಾಡಿ ಹೊಡೆಯುವ ಮಾಳಸಿದ್ದ ನೆನಪಿದ್ದಾನಲ್ಲ. ನೀನು ತುಂಬಿದ ಅದೇ ದವಡೆಹಲ್ಲಿನಿಂದ ಕಬ್ಬು ಸಿಗಿದು ತಿನ್ನುತ್ತ ಗಾಡಿಯ ಮೇಲೆ ಕುಳಿತು ಹೋಗುತ್ತಾನೆ. ನನ್ನನ್ನು ಕಂಡರೆ ಬಾಯಿ ಅಗಲಿಸಿ ತೋರಿಸುತ್ತಾನೆ. ಸಂತೆಯಲ್ಲಿ ತಪ್ಪಲು ಪಲ್ಯ ಮಾರುವ ಸತ್ತೆವ್ವನದೂ ಗಟ್ಟಿಯಾಗಿದೆ. ನಮ್ಮವರದೇ ಏಕೆ ಬಿದ್ದಿತು?

ಆದ್ದರಿಂದ ಬೇಗ ಆ ಎಂ.ಡಿ.ಎಸ್. ಮುಗಿಸಿಕೊಂಡು ಬಾ. ಬೋರ್ಡಿನ ಮೇಲೆ ಇನ್ನೊಂದು ಪದವಿ ಬಂದರೆ ಈ ಬಾಯಿಗಳು ಮುಚ್ಚುತ್ತವೆ. ಸಿಮೆಂಟ್ ಯಾವುದಕ್ಕೆ ಒಡೆಯಿತು ಎಂದು ಅಥಣಿಯಲ್ಲಿ ಯಾರೂ ಕೇಳುವುದಿಲ್ಲ, ಪದವಿ ಇದೆಯೋ ಇಲ್ಲವೋ ಕೇಳುತ್ತಾರೆ.

ಆಶೀರ್ವಾದ.
ರಾಜಮತಿ


ಮುಂಬಯಿ
೩ ಮಾರ್ಚ್ ೧೯೯೧

ಅವ್ವನಿಗೆ ನಮಸ್ಕಾರ.

ಒಂದು ವಾರದಿಂದ ಕಾಗದ ಬರೆಯಬೇಕೆಂದು ಕೂಡುವುದು, ಏಳುವುದು. ಮೂರೂ ಕಂಪನಿಗಳ ಕಂಬಗಳನ್ನು ಒಡೆದು ಮುಗಿಸಿದೆವು. ಮೂರೂ ಗಟ್ಟಿ. ಹೆಚ್ಚುಕಮ್ಮಿ ಇದೆ, ಆದರೆ ಕೂದಲೆಳೆಯಷ್ಟು. ನಾನು ಅಥಣಿಯಲ್ಲಿ ತುಂಬುತ್ತಿದ್ದದ್ದು ಎಲ್ಲಕ್ಕಿಂತ ಕೊನೆಗೆ ಬಂದೀತೆಂದು ಕಾದಿದ್ದೆ. ಅದು ಎರಡನೆಯದಾಗಿ ಬಂತು. ಯಂತ್ರ ಒತ್ತುತ್ತ ಒತ್ತುತ್ತ ಹೋದಂತೆ ನನಗೇ ಅದರ ಮೇಲೆ ಸಿಟ್ಟು ಬಂತು. ಒಡಿ ಸಾಕು ಎಂದೆ. ಪಕ್ಕದಲ್ಲಿದ್ದ ಹುಡುಗಿ ನಕ್ಕಳು. ಒಡೆದದ್ದು ಪಟಾಕಿಯ ಹಾಗೆ ಸದ್ದು ಮಾಡಿ ಒಡೆಯಿತು. ಜೋಳದ ರೊಟ್ಟಿಗೆ, ಕಬ್ಬಿಗೆ ಬಗ್ಗುವ ಸಾಮಾನಲ್ಲ ಅದು.

ಸರ್ ಖುಷಿಯಾಗಿದ್ದಾರೆ. ನಮ್ಮ ವಿಭಾಗದ ಮುಖ್ಯಸ್ಥರು, ನನ್ನ ಪ್ರಬಂಧದ ಗೈಡ್ ಕೂಡ. ಬರೆದು ಮುಗಿಸು ಎಂದಿದ್ದಾರೆ. ನಾನು ಮುಗಿಸುವುದಿಲ್ಲ. ಇಲ್ಲಿಗೇ ಮುಗಿಸಿದರೆ ಪ್ರಬಂಧ ಹೇಳುವುದು ಒಂದೇ ಮಾತು: ಸಿಮೆಂಟ್ ಗಟ್ಟಿ, ಹಾಗಾದರೆ ಕೈ ಮೆದು. ಅಕ್ಕುತಾಯಿ ಬಸದಿಯ ಕಟ್ಟೆಯ ಮೇಲೆ ಹೇಳಿದ್ದನ್ನೇ ನಾನು ಇಂಗ್ಲಿಷಿನಲ್ಲಿ ಬೈಂಡ್ ಮಾಡಿಸಿ ಕೊಟ್ಟಂತಾಗುತ್ತದೆ. ಸತ್ತರೂ ಕೊಡುವುದಿಲ್ಲ.

ನಿನ್ನ ಕಾಗದದಲ್ಲಿ ಒಂದು ಮಾತು ನನ್ನ ತಲೆಯಲ್ಲಿ ಕುಳಿತಿದೆ. ನಮ್ಮವರದೇ ಏಕೆ ಬಿದ್ದಿತು? ಅದೇ ಡಬ್ಬಿ, ಅದೇ ಬೆಳಕಿನ ಗನ್ನು, ಅದೇ ಕೈ. ಮಾಳಸಿದ್ದನಿಗೆ ಒಂದು ಕೈ, ಅಕ್ಕುತಾಯಿಗೆ ಇನ್ನೊಂದು ಕೈ ನಾನೆಲ್ಲಿಂದ ತರಲಿ? ಹೊಸ್ತಿಲಲ್ಲಿ ಕುಳಿತವಳು ನೀನು. ಬಿದ್ದವರನ್ನು ಕೇಳು, ಬೀಳದವರನ್ನೂ ಕೇಳು. ಏನು ತಿನ್ನುತ್ತಾರೆ, ತಂಬಾಕಿನ ಮಿಶ್ರಿ ತಿಕ್ಕುತ್ತಾರೋ, ಎಲೆಯಡಿಕೆ ಹಾಕುತ್ತಾರೋ, ಯಾವಾಗ ಬಂದಿದ್ದರು, ಏನು ಭೇದ ಸಿಕ್ಕರೂ ಬರೆ.

ಇನ್ನೊಂದು. ಕಂಬದ ಹಿಂದೆ ನಿಂತು ಅಷ್ಟೆಲ್ಲ ಕೇಳಿದೆ ಎಂದು ಬರೆದಿದ್ದೀ. ಆಮೇಲೆ ಮುಂದೆ ಬಂದು ಅವರಿಗೆ ಏನಂದೆ, ಅದನ್ನು ಬರೆಯಲಿಲ್ಲ.

ನಿನ್ನ
ಸುಗಂಧಾ


ಅಥಣಿ
೧೮ ಏಪ್ರಿಲ್ ೧೯೯೧

ಚಿ. ಸುಗಂಧಾಳಿಗೆ ಆಶೀರ್ವಾದ.

ನನ್ನ ಮಾನವನ್ನು ನಿನ್ನ ಪ್ರಬಂಧಕ್ಕೆ ದಾನ ಮಾಡಿದ್ದೇನೆ. ಬಿಸಿಲಲ್ಲಿ ಸೆರಗು ಹೊದ್ದು ಮನೆಮನೆ ಹತ್ತಿ ಇಳಿದೆ. ಈ ವರ್ಷ ಜನ ಎಣಿಸುವ ಖಾನೇಸುಮಾರಿಯವರು ಬಂದು ಹೋದ ಹಿಂದೆಯೇ ನಾನು ಹೋದದ್ದರಿಂದ ಓಣಿಯ ಹುಡುಗರು ನನಗೆ ಹಲ್ಲಿನ ಖಾನೇಸುಮಾರಿ ಆಯಿ ಎಂದು ಹೆಸರಿಟ್ಟಿದ್ದಾರೆ. ಇಡಲಿ. ಅಕ್ಕುತಾಯಿ ಬಾಗಿಲಲ್ಲೇ ನಿಲ್ಲಿಸಿ, "ಬಿದ್ದ ಹಲ್ಲಿನ ಲೆಕ್ಕಾ ತಗೊಂಡು ಏನ್ ಮಾಡ್ತೀರಿ ಅಕ್ಕಾರ, ಪೂಜಾ ಮಾಡ್ತೀರೇನು?" ಎಂದಳು. ಮಜ್ಜಿಗೆ ಕೊಟ್ಟಳು, ಕುಡಿದು ಬಂದೆ.

ಸಿಕ್ಕಿದ್ದು ಏನೂ ಇಲ್ಲ. ಮಿಶ್ರಿ ತಿಕ್ಕುವವರು ಎರಡೂ ಕಡೆ ಇದ್ದಾರೆ. ಎಲೆಯಡಿಕೆ ಎರಡೂ ಕಡೆ. ರೊಟ್ಟಿ ಎಲ್ಲರೂ ತಿನ್ನುತ್ತಾರೆ. ಕಬ್ಬನ್ನಂತೂ ಬೀಳದವರೇ ಹೆಚ್ಚು ತಿನ್ನುತ್ತಾರೆ. ಭೇದ ಎಂದರೆ ಬಂದ ಹೊತ್ತು ಒಂದೇ. ಅದು ನನಗೇ ಗೊತ್ತಿತ್ತು, ಕೇಳಲು ಹೋಗಬೇಕಾಗಿರಲಿಲ್ಲ. ಬೆಳ್ಳಿ ತುಂಬಿಸಿದರೆ ಮರುದಿನದ ತನಕ ಆ ಕಡೆ ಅಗಿಯುವಂತಿಲ್ಲ, ನಿನ್ನ ಬೆಳಕಿನ ಸಿಮೆಂಟಾದರೆ ಎದ್ದ ಕೂಡಲೇ ಉಣ್ಣಬಹುದು ಎಂದು ನೀನೇ ಹೇಳಿದ್ದೆಯಲ್ಲ. ನಮ್ಮವರು ಅದನ್ನೇ ಬೇಡಿದರು. ಜೈನರ ಮನೆಗಳಲ್ಲಿ ಹೊತ್ತು ಮುಳುಗುವುದರೊಳಗೆ ಊಟ ಆಗಬೇಕಲ್ಲ. ಮೂರು ನಾಲ್ಕರ ಹೊತ್ತಿಗೆ ಬಂದು ತುಂಬಿಸಿಕೊಂಡು, ಮನೆಗೆ ಹೋಗಿ ರೊಟ್ಟಿ ಬಡಿದು ಉಣ್ಣುತ್ತಿದ್ದರು. ಮಾಳಸಿದ್ದ, ಸತ್ತೆವ್ವ ಮುಂತಾದವರು ಹೊಲ, ಸಂತೆ ಮುಗಿಸಿಕೊಂಡು ದೀಪ ಹಚ್ಚಿದ ಮೇಲೆ ಬರುತ್ತಿದ್ದರು. ಅವರು ಬರುವ ಹೊತ್ತಿಗೆ ನನ್ನ ಊಟ ಮುಗಿದು ನಾನು ಜಪಮಾಲೆ ಹಿಡಿದಿರುತ್ತಿದ್ದೆ. ಇದರಲ್ಲೇನಿದೆ? ಹಲ್ಲಿಗೆ ಹಗಲೇನು, ದೀಪದ ಹೊತ್ತೇನು?

ಇಲ್ಲಿ ಬಿಸಿಲು ವಿಪರೀತ. ಮಧ್ಯಾಹ್ನ ತ್ರೀ ಫೇಸ್ ಬಂತೆಂದರೆ ಹೊಲದ ಪಂಪುಗಳೆಲ್ಲ ಒಮ್ಮೆಗೇ ಶುರುವಾಗುತ್ತವೆ, ನಮ್ಮ ಓಣಿಯ ಲೈನಿಗೆ ಜೀವವೇ ಉಳಿಯುವುದಿಲ್ಲ. ಫ್ಯಾನು ಸುತ್ತಿದ ಹಾಗೆ ನಾಟಕ ಮಾಡುತ್ತದೆ. ಸಂಜೆ ಊಟಕ್ಕೆ ಶೇಂಗಾಚಟ್ನಿ ಮಾಡೋಣವೆಂದರೆ ಮಿಕ್ಸರ್ ಗುರ್ ಎಂದು ನಿಂತುಬಿಡುತ್ತದೆ. ದೀಪ ಹಚ್ಚುವ ಹೊತ್ತಿಗೆ ಪಂಪು ನಿಂತು ಕರೆಂಟಿಗೆ ಜೀವ ಬರುತ್ತದೆ, ಆಗ ನನ್ನ ಊಟವೇ ಮುಗಿದಿರುತ್ತದೆ. ಒಳಕಲ್ಲಿಗೆ ತಿರುಗಿ ಗಂಟುಬಿದ್ದಿದ್ದೇನೆ.

ಬರೆದು ಮುಗಿಸು ಎಂದು ಗುರುಗಳು ಹೇಳಿದ ಮೇಲೆ ಮುಗಿಸಬೇಕು.

ಆಶೀರ್ವಾದ.
ರಾಜಮತಿ


ಮುಂಬಯಿ
೩೦ ಜೂನ್ ೧೯೯೧

ಅವ್ವಾ,

ನಮಸ್ಕಾರ ಆಮೇಲೆ. ನಿನ್ನ ಮಿಕ್ಸರಿಗೆ ಮೊದಲು ಕೈ ಮುಗಿಯುತ್ತೇನೆ.

ನಿನ್ನ ಕಾಗದವನ್ನು ಮೆಸ್ಸಿನಲ್ಲಿ ಕುಳಿತು ಓದಿದೆ. ಒಳಕಲ್ಲು ಎಂಬಲ್ಲಿಗೆ ಬಂದಾಗ ತಾಟು ಬಿಟ್ಟು ಎದ್ದೆ. ಅವ್ವಾ, ನನ್ನ ನೀಲಿ ಬೆಳಕಿನ ಗನ್ನೂ ಅದೇ ಲೈನಿನ ಮೇಲೆ ಇತ್ತು. ಮಿಕ್ಸರ್ ನಿಂತರೆ ಸದ್ದು ಹೇಳುತ್ತದೆ. ಗನ್ನು ಹೇಳುವುದಿಲ್ಲ. ಕರೆಂಟು ಕಡಿಮೆಯಾದರೂ ಅದು ಕಣ್ಣಿಗೆ ನೀಲಿಯಾಗಿಯೇ ಕಾಣುತ್ತದೆ, ಅಷ್ಟೇ ಹೊತ್ತು ಉರಿದು ಪೀಂ ಎಂದು ನಿಲ್ಲುತ್ತದೆ. ಸಲಾಕೆಯಿಂದ ಗೀರಿ ನೋಡಿದರೆ ಮೇಲೆ ಗಟ್ಟಿ. ಕೆಳಗೆ ಏನಾಗಿದೆ ಎಂದು ಬಾಯಿಯೊಳಗೆ ಯಾರು ನೋಡಬೇಕು?

ಇಂಜಿನಿಯರಿಂಗ್ ಕಾಲೇಜಿನಿಂದ ಕರೆಂಟನ್ನು ಏರಿಸಿ ಇಳಿಸುವ ಡಿಮ್ಮರ್ ಕಾಡಿ ಬೇಡಿ ತಂದೆ. ಗನ್ನನ್ನು ಅದಕ್ಕೆ ಕಟ್ಟಿ, ಅಥಣಿಯ ಮಧ್ಯಾಹ್ನದಷ್ಟು ಇಳಿಸಿ, ಮೂರೂ ಕಂಪನಿಗಳ ಕಂಬಗಳನ್ನು ಹೊಸದಾಗಿ ಮಾಡಿದೆ. ಅಚ್ಚು ಬಿಚ್ಚಿ ತಿರುವಿ ಉಗುರಿನಿಂದ ಒತ್ತಿದರೆ, ಅವ್ವಾ, ಕೆಳಗಡೆ ಮೇಣ, ಬೆಳಕು ಅಲ್ಲಿಯ ತನಕ ಇಳಿದೇ ಇಲ್ಲ. ನಾನು ಅಲ್ಲೇ ಕುಳಿತು ಅತ್ತುಬಿಟ್ಟೆ. ದುಃಖಕ್ಕಲ್ಲ. ಯಂತ್ರದಲ್ಲಿ ಇಟ್ಟರೆ ಮೂರೂ ಸೋತವು. ಒಂದು ಕಾಲುಭಾಗ ಬಲ ಕಳೆದುಕೊಂಡಿತು. ಇನ್ನೊಂದು ಅದಕ್ಕಿಂತ ಸ್ವಲ್ಪ ಹೆಚ್ಚು. ನಾನು ಅಥಣಿಯಲ್ಲಿ ತುಂಬುತ್ತಿದ್ದದ್ದು ಅರ್ಧಕ್ಕೆ ಇಳಿಯಿತು. ಪೂರಾ ಕರೆಂಟಿನಲ್ಲಿ ಸರಿಸಮ ನಿಂತ ಮೂರು, ಕರೆಂಟು ಇಳಿದಾಗ ಮೂರು ದಾರಿ ಹಿಡಿದವು. ಈಗ ನೋಡು ಹೋಲಿಕೆಗೆ ಅರ್ಥ ಬಂದದ್ದು.

ನಮ್ಮವರು ಹೊತ್ತು ಮುಳುಗುವ ಮುಂಚೆ ಉಣ್ಣಬೇಕೆಂದು ಪಂಪು ನಡೆಯುವ ಹೊತ್ತಿನಲ್ಲಿ ಬಂದರು. ಉಳಿದವರು ಪಂಪು ನಿಂತ ಮೇಲೆ ಬಂದರು. ಅಷ್ಟೇ. ನನ್ನ ಕೈ ಎಲ್ಲರಿಗೂ ಒಂದೇ ಇತ್ತು.

ಇನ್ನು ಕೆಟ್ಟ ಸುದ್ದಿ. ಸರ್ ಈ ಅಧ್ಯಾಯವನ್ನು ಓದಿ ತಿರುಗಿ ಕೊಟ್ಟರು. ಮರಾಠಿಯಲ್ಲಿ ಶಾಂತವಾಗಿಯೇ ಹೇಳಿದರು, ಕನ್ನಡದಲ್ಲಿ ಹೀಗಾಗುತ್ತದೆ: "ಸ್ಟ್ಯಾಂಡರ್ಡ್ ಪರೀಕ್ಷೆ ಎಂದರೆ ಪೂರಾ ವೋಲ್ಟೇಜಿನ ಪರೀಕ್ಷೆ. ಕಡಿಮೆ ಕರೆಂಟು ವಿದ್ಯುತ್ ಮಂಡಳಿಯ ರೋಗ, ಹಲ್ಲಿನ ರೋಗವಲ್ಲ. ಮೊದಲಿನ ಭಾಗ ಚೆನ್ನಾಗಿದೆ, ಅಷ್ಟನ್ನೇ ಕೊಡು, ಸಹಿ ಮಾಡುತ್ತೇನೆ. ನಿನ್ನ ಹಳ್ಳಿಯ ಪಂಪುಸೆಟ್ಟನ್ನು ನನ್ನ ವಿಭಾಗದೊಳಗೆ ತರಬೇಡ." ನಾನು, "ಸರ್, ಅಥಣಿ ಹಳ್ಳಿಯಲ್ಲ, ತಾಲೂಕು," ಎಂದೆ. ಅದೊಂದೇ ನನ್ನ ಬಾಯಿಗೆ ಬಂದದ್ದು. ಹೊರಗೆ ಬಂದ ಮೇಲೆ ನಿರ್ಧಾರ ಮಾಡಿದೆ. ತೆಗೆಯುವುದಿಲ್ಲ.

ನಿನ್ನ
ಸುಗಂಧಾ


ಅಥಣಿ
೧೨ ಜುಲೈ ೧೯೯೧

ಚಿ. ಸುಗಂಧಾಳಿಗೆ ಆಶೀರ್ವಾದ.

ತೆಗೆ.

ಗುರುಗಳು ಸಹಿ ಮಾಡುತ್ತೇನೆ ಎನ್ನುತ್ತಿರುವಾಗ ತೆಗೆದು ಸಹಿ ಮಾಡಿಸಿಕೊಂಡು ಬಾ. ಪದವಿ ಕೈಗೆ ಬಂದ ಮೇಲೆ ಕರೆಂಟಿನ ಕಥೆ ಯಾರಿಗೆ ಬೇಕಾದರೂ ಹೇಳು. ಧನಪಾಲನ ಪೆಟ್ಟಿಗೆಗಳು ಈಗ ಗೋಡೆಯೆತ್ತರ ಬಂದಿವೆ. "ಎಂ.ಡಿ.ಎಸ್. ಆಗಿ ಬಂದ್ರ ಒಂದ ದಿನದಾಗ ಖಾಲಿ ಮಾಡ್ತೀನಿ ವೈನಿ. ಆಗಲಿಲ್ಲಂದ್ರ ಖೋಲಿ ನಂದು," ಎಂದು ನಾಲ್ಕು ಜನರ ಮುಂದೆ ಮಾತು ತಗೊಂಡಿದ್ದಾನೆ. ನಾನೂ ಹೂಂ ಎಂದಿದ್ದೇನೆ.

ಇನ್ನೊಂದು ಮಾತು ನಿನಗೆ ಹೊಳೆದಿಲ್ಲ. ಕೆಳಗೆ ಮೇಣ ಇತ್ತು ಎಂದು ನೀನೇ ಬರೆದರೆ ಏನಾಗುತ್ತದೆ? ಬಿದ್ದವರದು ಬಿತ್ತು, ಮರೆತಿದ್ದಾರೆ. ತುಂಬಿದ್ದು ಇನ್ನೂ ಬೀಳದವರು ಹತ್ತಾರು ಜನ ಇದ್ದಾರೆ. ಅವರೆಲ್ಲ ಎದ್ದು ನಿಲ್ಲುತ್ತಾರೆ. ಕರೆಂಟು ಎಂದರೆ ಯಾರಿಗೆ ತಿಳಿಯುತ್ತದೆ, ತಪ್ಪು ಒಪ್ಪಿಕೊಂಡಳು ಎಂದಷ್ಟೇ ತಿಳಿಯುತ್ತದೆ. ಆರಿದ ಒಲೆಗೆ ಏಕೆ ಊದುತ್ತೀ?

ಆಶೀರ್ವಾದ.
ರಾಜಮತಿ


ಮುಂಬಯಿ
೧೯ ಜುಲೈ ೧೯೯೧

ಅವ್ವನಿಗೆ,

ತೆಗೆಯುವುದಿಲ್ಲ.

ತೆಗೆದರೆ ನನಗೆ ಪದವಿ ಸಿಗುತ್ತದೆ, ಖೋಲಿ ಸಿಗುತ್ತದೆ, ಬೋರ್ಡು ಸಿಗುತ್ತದೆ. ಆ ಖೋಲಿಯಲ್ಲಿ ಕುಳಿತು ಏನು ಮಾಡಲಿ? ಅಥಣಿಯಲ್ಲಿ, ರಾಯಬಾಗದಲ್ಲಿ, ಕಾಗವಾಡದಲ್ಲಿ ನನ್ನ ಹಾಗೆ ಗನ್ನು ಹಿಡಿದು ಕುಳಿತವರು ಇನ್ನೆಷ್ಟು ಜನರೋ. ಅವರೂ ಮೇಣ ತುಂಬಿ ಕಳಿಸುತ್ತಿದ್ದಾರೆ, ಬೈಸಿಕೊಳ್ಳುತ್ತಿದ್ದಾರೆ. ಪೂರಾ ಕರೆಂಟಿನಲ್ಲಿ ಮೂರೂ ಗಟ್ಟಿ ಎಂಬ ಪ್ರಬಂಧ ಮುಂಬಯಿಯ ಹಲ್ಲಿಗೆ ಸಾಕು. ನಮ್ಮ ಹಲ್ಲಿಗೆ ಅದು ಸುಳ್ಳು. ಸುಳ್ಳಿನ ಮೇಲೆ ಸಹಿ ಮಾಡಿಸಿಕೊಂಡು ಬರಲು ನಾನು ಇಷ್ಟು ದೂರ ಬರಲಿಲ್ಲ. ತುಂಬಿದ್ದು ಇನ್ನೂ ಬೀಳದವರನ್ನು ನಾನೇ ಕರೆದು, ಹಳೆಯದನ್ನು ತೆಗೆದು, ಮತ್ತೆ ತುಂಬಿಕೊಡುತ್ತೇನೆ. ಅವರು ಬೈದರೆ ಬೈಸಿಕೊಳ್ಳುತ್ತೇನೆ. ಸುಮ್ಮನಿರುವುದು ಮಾತ್ರ ಆಗುವುದಿಲ್ಲ.

ಖೋಲಿಯನ್ನು ಪಣಕ್ಕಿಡುವಾಗ ನನ್ನನ್ನು ಒಂದು ಮಾತು ಕೇಳಬಹುದಾಗಿತ್ತು.

ಮಾರ್ಚಿನಲ್ಲಿ ಕೇಳಿದ್ದಕ್ಕೆ ನೀನು ಉತ್ತರ ಬರೆಯಲಿಲ್ಲ. ಈಗ ನೆಟ್ಟಗೆ ಕೇಳುತ್ತೇನೆ. ಕಂಬದ ಹಿಂದೆ ನಿಂತವಳು ಅವರಿಗೆ ಏನೂ ಅನ್ನಲಿಲ್ಲ, ಅಲ್ಲವೇ? ನೀನೂ ನನ್ನ ಕೈ ಮೆದು ಎಂದೇ ತಿಳಿದಿದ್ದೆಯಾ?

ಸುಗಂಧಾ


ಮುಂಬಯಿ
೨೭ ಅಕ್ಟೋಬರ್ ೧೯೯೧

ಅವ್ವನಿಗೆ ನಮಸ್ಕಾರ.

ಮೂರು ತಿಂಗಳಾಯಿತು, ನಿನ್ನಿಂದ ಒಂದು ಸಾಲು ಇಲ್ಲ. ದಶಲಕ್ಷಣ ಪರ್ವ ಬಂತು, ಹೋಯಿತು. ಪ್ರತಿ ವರ್ಷ ಕ್ಷಮೆ ಕೇಳುವ ಕ್ಷಮಾವಾಣಿಯ ದಿನ ನೀನು ಒಂದು ಕಾರ್ಡಾದರೂ ಹಾಕುತ್ತಿದ್ದೆ. ಈ ವರ್ಷ ಅದೂ ಬರಲಿಲ್ಲ. ನಾನೂ ಹಾಕಲಿಲ್ಲ. ಇಬ್ಬರೂ ಒಂದೇ ಹಿಟ್ಟಿನ ರೊಟ್ಟಿ.

ಪ್ರಬಂಧವನ್ನು ಪೂರಾ ಕೊಟ್ಟೆ. ಅಥಣಿಯ ಅಧ್ಯಾಯ ಸಮೇತ. ಸರ್ ಹಾಳೆ ತಿರುವಿ ಆ ಅಧ್ಯಾಯ ಕಂಡು ಪೆನ್ನು ಮುಚ್ಚಿದರು. ಈ ಸಲದ ಪರೀಕ್ಷೆಗೆ ನನ್ನ ಹೆಸರು ಹೋಗಿಲ್ಲ. ಮುಂದಿನ ಸಲ ತಿರುಗಿ ಕೊಡಬಹುದು. ಕೊಡುತ್ತೇನೆ, ಅದನ್ನೇ ಕೊಡುತ್ತೇನೆ. ಅವರ ಪೆನ್ನು ಮೊದಲು ಸೋಲುತ್ತದೋ ನನ್ನ ಹಟ ಮೊದಲು ಸೋಲುತ್ತದೋ ನೋಡ್ತೀನಿ. ಹೊರಡುವಾಗ, "ನೀನು ಒಳ್ಳೆಯ ವಿದ್ಯಾರ್ಥಿನಿ, ಹಟಮಾರಿ," ಎಂದರು. ಹಟ ಊರಿನಿಂದಲೇ ತಂದದ್ದು ಸರ್ ಎಂದೆ.

ಅಲ್ಲಿಯವರೆಗೆ ಇಲ್ಲಿ ನನಗೆ ಕೆಲಸವಿಲ್ಲ. ಊರಲ್ಲಿ ಇದೆ. ಕರೆಂಟು ಎಷ್ಟು ಇಳಿದರೂ ಗನ್ನಿಗೆ ಪೂರಾ ಕೊಡುವ ಸ್ಟೆಬಿಲೈಜರ್ ತಗೊಂಡಿದ್ದೇನೆ, ಟ್ರಂಕಿನಷ್ಟು ಭಾರ ಇದೆ. ಮುಂದಿನ ತಿಂಗಳ ಹದಿನೇಳರ ಭಾನುವಾರ ಕುಡಚಿ ಸ್ಟೇಶನ್ನಿನಲ್ಲಿ ಇಳಿದು ಬಸ್ಸಿಗೆ ಬರುತ್ತೇನೆ. ಪದವಿ ಇಲ್ಲದೆ ಬರುತ್ತೇನೆ. ಪಣದ ಪ್ರಕಾರ ಖೋಲಿ ಕಾಕಾನದು. ಹಾಗಿದ್ದರೆ ಕುರ್ಚಿಯನ್ನು ಅಂಗಳದಲ್ಲಿ ಹಾಕಿಕೊಂಡು ಕೂಡುತ್ತೇನೆ, ಮಳೆಗಾಲ ಮುಗಿದಿದೆ.

ಬಾಗಿಲು ತೆಗೆಯುತ್ತೀಯೋ ಇಲ್ಲವೋ ಬರೆ.

ನಿನ್ನ
ಸುಗಂಧಾ


ಅಥಣಿ
೭ ನವೆಂಬರ್ ೧೯೯೧

ಚಿ. ಸುಗಂಧಾಳಿಗೆ ಅವ್ವನ ಆಶೀರ್ವಾದ.

ಬಾಗಿಲು ತೆಗೆದೇ ಇದೆ. ಅದನ್ನು ಕೇಳುವ ಮಾತೇನು?

ಕಾಗದ ಏಕೆ ಬರೆಯಲಿಲ್ಲ ಎಂದರೆ, ನಿನ್ನ ಪ್ರಶ್ನೆಗೆ ಉತ್ತರ ಕೊಡದೆ ಬೇರೆ ಸುದ್ದಿ ಬರೆಯಲು ನಾಚಿಕೆಯಾಯಿತು. ಬರೆಯಲು ಕುಳಿತಾಗಲೆಲ್ಲ ಕ್ಷೇಮ ಎಂಬಲ್ಲಿಗೆ ನಿಲ್ಲುತ್ತಿತ್ತು. ಉತ್ತರ ಕೊನೆಗೆ ಬರೆಯುತ್ತೇನೆ. ಮೊದಲು ಕ್ಷಮಾವಾಣಿಯ ದಿನ ಆದದ್ದನ್ನು ಕೇಳು.

ಪೂಜೆ ಮುಗಿದು ಬಸದಿಯ ಅಂಗಳದಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಕೈ ಮುಗಿದು ಕ್ಷಮೆ ಕೇಳುತ್ತಿದ್ದರು. ಅಕ್ಕುತಾಯಿ ನನ್ನ ಮುಂದೆ ಬಂದು ನಿಂತಳು. "ಉತ್ತಮ ಕ್ಷಮಾ ಅಕ್ಕಾರ. ತಿಳಿದೋ ತಿಳೀದನೋ ಏನರ ತಪ್ಪ ಆಗಿದ್ರ ಕ್ಷಮಾ ಮಾಡ್ರಿ," ಎಂದಳು. ಪ್ರತಿ ವರ್ಷ ಹೇಳುವ ಮಾತೇ. ನಾನೂ ಪ್ರತಿ ವರ್ಷ ಹೇಳುವ ಮಾತು ಹೇಳಿ ಮುಂದೆ ಹೋಗಬೇಕಿತ್ತು. ಬಾಯಲ್ಲಿ ಬೇರೆಯೇ ಬಂತು. "ತಿಳಿದ ಮಾಡಿದ್ದು ಯಾವುದು, ತಿಳೀದ ಮಾಡಿದ್ದು ಯಾವುದು, ಬ್ಯಾರೆ ಬ್ಯಾರೆ ಮಾಡಿ ಹೇಳವಾ. ಆಮ್ಯಾಲ ಕ್ಷಮಾ ಮಾಡ್ತೀನಿ," ಎಂದೆ. ಪಂಡಿತರೂ ತಿರುಗಿ ನೋಡಿದರು.

"ಏನಂದೀನಿ ನಾ?" ಎಂದಳು.

"ನನ್ನ ಮಗಳ ಕೈ ಮೆತ್ತಗ ಅಂದಿ. ಹೊರಗಿನವರಿಗೆ ಗಟ್ಟಿ, ನಮಗ ಮೆತ್ತಗ ಅಂದಿ. ನಾ ಕಂಬದ ಹಿಂದ ನಿಂತ ಕೇಳೀನಿ. ಅವತ್ತ ಬಾಯಿ ಬಿಡಲಿಲ್ಲ, ಇವತ್ತ ಬಿಡ್ತೀನಿ. ಕೈ ಅಲ್ಲ, ಕರೆಂಟ್," ಎಂದೆ. ನೀನು ಬರೆದದ್ದನ್ನೆಲ್ಲ ಹೇಳಿದೆ, ಪಂಪು, ಗನ್ನು, ಮೇಣ, ನಮ್ಮ ಊಟದ ಹೊತ್ತು, ಎಲ್ಲ. ಅರ್ಧ ಜನಕ್ಕೆ ತಿಳಿಯಲಿಲ್ಲ. ಮಿಕ್ಸರ್ ಎಂದ ಕೂಡಲೇ ಎಲ್ಲರಿಗೂ ತಿಳಿಯಿತು. ಎಲ್ಲರ ಮನೆಯ ಮಿಕ್ಸರೂ ಅದೇ ಹೊತ್ತಿಗೆ ನಿಲ್ಲುತ್ತದೆ.

ಅಕ್ಕುತಾಯಿಯ ಸೊಸೆ ಮುಂದೆ ಬಂದಳು. ಅವಳಿಗೆ ಇನ್ನೊಂದು ಹಲ್ಲನ್ನೂ ನೀನು ತುಂಬಿದ್ದೆಯಂತೆ, ಅದು ಬಿದ್ದಿಲ್ಲ. "ಹಂಗಾದ್ರ ನನ್ನ ಬಾಯಾಗ ಇರೂದೂ ಕೆಳಗ ಹಸೀನ ಏನ್ರಿ?" ಎಂದಳು. ನಾನು ಜುಲೈದಲ್ಲಿ ಹೆದರಿದ್ದು ಇದಕ್ಕೇ. ಎಲ್ಲರೂ ನನ್ನ ಮೋರೆ ನೋಡಿದರು. "ಹಸೀನ ಇರಬೇಕು," ಎಂದೆ. "ಆಕೀನ ಬಂದು ತಗದು ಮತ್ತ ತುಂಬ್ತಾಳ. ಬಿದ್ದವರೂ ಬರ್ರಿ, ಬೀಳದವರೂ ಬರ್ರಿ. ಬೈಯೂದಿದ್ರ ಈಗ ಬೈರಿ, ಕುರ್ಚಿ ಮ್ಯಾಲ ಕುಂತ ಮ್ಯಾಲ ಬೈಯಾಕ ಬರೂದಿಲ್ಲ." ಯಾರೋ ಒಬ್ಬರು ನಕ್ಕರು. ಅಕ್ಕುತಾಯಿ ನಗಲಿಲ್ಲ. ಮತ್ತೆ ಕೈ ಮುಗಿದು, "ತಿಳಿದ ಅಂದದ್ದ ಅದು. ಕ್ಷಮಾ ಮಾಡ್ರಿ," ಎಂದಳು. ಮಾಡಿದೆ. ಅವಳಿನ್ನೂ ನನ್ನನ್ನು ಮಾತಾಡಿಸುತ್ತಿಲ್ಲ, ಅದು ಬೇರೆ.

ಧನಪಾಲನ ಪೆಟ್ಟಿಗೆಗಳನ್ನು ಮೊನ್ನೆ ನಿನ್ನ ಕಾಗದ ಬಂದ ದಿನವೇ ಅವನ ಮನೆಯ ಕಟ್ಟೆಯ ಮೇಲೆ ಇಡಿಸಿದೆ. ಮಾಳಸಿದ್ದ ಗಾಡಿ ತಂದಿದ್ದ. ಧನಪಾಲ ಓಡಿಬಂದು, "ವೈನಿ, ನಾಕ ಮಂದಿ ಮುಂದ ಮಾತ ಕೊಟ್ಟೀರಿ," ಎಂದ. "ಕೊಟ್ಟ ಮಾತ ತಪ್ಪತೀನಿ. ಆ ನಾಕ ಮಂದೀನ ಕರಕೊಂಡ ಬಾ, ಅವರ ಮುಂದೂ ತಪ್ಪತೀನಿ," ಎಂದೆ. ನಿನ್ನ ಅಪ್ಪ ಇದ್ದಿದ್ದರೆ ನನ್ನನ್ನು ಬೈಯುತ್ತಿದ್ದರು, ಆಮೇಲೆ ಒಳಗೆ ಬಂದು ನಗುತ್ತಿದ್ದರು. ಖೋಲಿಯನ್ನು ಸುಣ್ಣ ಹಾಕಿ ತೊಳೆಸಿದ್ದೇನೆ, ವಾಸನೆ ಹೋಗಿದೆ. ಬೋರ್ಡು ಬರೆಯುವ ಜ್ಞಾನದೇವ, "ಎಂ.ಡಿ.ಎಸ್. ಅಂತ ಬರದ ಬಿಡ್ಲೇನ್ರಿ ಬಾಯಾರ, ಹೆಂಗೂ ಆಗೂದೈತಿ," ಎಂದ. ಆದಾಗ ಬರೆ, ಈಗ ಇದ್ದಷ್ಟು ಬರೆ ಎಂದೆ. ಹೆಸರು ದೊಡ್ಡದಾಗಿ ಬಂದಿದೆ.

ಇನ್ನು ಉತ್ತರ. ನನ್ನ ಎಡಗಡೆ ಕೆಳಗಿನ ದವಡೆಯ ಹಲ್ಲು ಹುಳುಕಾಗಿ ತೂತು ಬಿದ್ದಿದೆ. ನೋವು ಇಂದಿನದಲ್ಲ. ನೀನು ಆ ಖೋಲಿಯಲ್ಲಿ ಕುಳಿತು ಊರಿಗೆಲ್ಲ ಹಲ್ಲು ತುಂಬುತ್ತಿದ್ದಾಗಲೂ ನೋಯುತ್ತಿತ್ತು. ಹೊಸ್ತಿಲಲ್ಲಿ ಕುಳಿತು ಲವಂಗ ಕಚ್ಚಿಕೊಂಡು ಎಲ್ಲರ ಹೆಸರು ಕೂಗುತ್ತಿದ್ದೆ. ನನ್ನ ಹೆಸರು ಕೂಗಲಿಲ್ಲ.

ಸೋಮವಾರ ಮೊದಲು ನನ್ನದು ತುಂಬು. ಮಧ್ಯಾಹ್ನ ಮೂರಕ್ಕೆ, ಪಂಪು ಜೋರು ನಡೆದಾಗ. ಬಾಗಿಲು ಹಾಕಬೇಡ, ಕುರ್ಚಿಯನ್ನು ರಸ್ತೆಯ ಕಡೆ ತಿರುಗಿಸಿದ್ದೇನೆ. ನೋಡುವವರು ನೋಡಲಿ. ತುಂಬಿದ ಮೇಲೆ ಎದ್ದು, ಹೊತ್ತು ಮುಳುಗುವುದರೊಳಗೆ ಅದೇ ಕಡೆಯಿಂದ ಒಣಗಿ ಗಟ್ಟಿಯಾದ ಕಟಕರೊಟ್ಟಿ ತಿನ್ನುತ್ತೇನೆ.

ದಾರಿ ನೋಡುತ್ತಿರುವ
ನಿನ್ನ ಅವ್ವ
ರಾಜಮತಿ